ಕೆಲಸ ಗೊತ್ತಿದ್ದರೆ ಸಾಕಾ, ಮಾತೂ ಬರಬೇಕಾ?

ಅಪ್ರೈಸಲ್ ತಿಂಗಳು ಬಂತು ಅಂದರೆ ಆಫೀಸಿನ ಕ್ಯಾಂಟೀನಿನಲ್ಲಿ ಒಂದೇ ಮಾತು. ‘ಕೋಡ್ ಬರೆದಿದ್ದು ನಾನು. ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಸರಿಮಾಡಿದ್ದೂ ನಾನೇ. ಪ್ರಮೋಷನ್ ಮಾತ್ರ ಪಿಪಿಟಿ ತೋರಿಸಿದವನಿಗೆ!’ ಎದುರಿಗೆ ಕೂತವರು ಟೀ ಹೀರುತ್ತಾ ಹೌದೌದು ಅಂತ ತಲೆಯಾಡಿಸುತ್ತಾರೆ.

ಅದೇ ಹೊತ್ತಿಗೆ ಮ್ಯಾನೇಜರ್ ಕ್ಯಾಬಿನ್‌ನಲ್ಲಿ ಇನ್ನೊಂದು ಮಾತು ನಡೆದಿರುತ್ತದೆ. ‘ಹುಡುಗ ಕೆಲಸದಲ್ಲಿ ಬಂಗಾರ. ಆದರೆ ಏನು ಮಾಡ್ತಿದ್ದಾನೆ ಅಂತ ಅವನ ಬಾಯಿ ಬಿಡಿಸೋದೇ ಕಷ್ಟ. ಕ್ಲೈಂಟ್ ಮುಂದೆ ಹೇಗೆ ಕೂರಿಸೋದು?’

ಇಬ್ಬರ ಮಾತಲ್ಲೂ ಸತ್ಯ ಇದೆ. ಅದೇ ಸಮಸ್ಯೆ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಕೇಳಿಕೊಂಡೇ ಬೆಳೆದವರು ನಾವು. ಕೈ ದುಡಿದರೆ ಬಾಯಿಗೆ ತಾನಾಗಿಯೇ ಸಿಗುತ್ತೆ ಅನ್ನೋದು ಆ ಗಾದೆಯ ಭರವಸೆ. ಕೆಲಸಕ್ಕೆ ಸೇರಿದ ಮೇಲೆ ಬಾಯಿಗೂ ಬೇರೆ ಡ್ಯೂಟಿ ಇದೆ ಅಂತ ಗೊತ್ತಾಗುತ್ತೆ. ಹಾಗಾದರೆ ಯಾವುದು ದೊಡ್ಡದು? ಟೆಕ್ನಿಕಲ್ ಸ್ಕಿಲ್ಲಾ, ಸಾಫ್ಟ್ ಸ್ಕಿಲ್ಲಾ?

ಇದನ್ನು ಬರೀ ಐಟಿ ಆಫೀಸಿನೊಳಗೆ ಕೂತು ಚರ್ಚೆ ಮಾಡಿದರೆ ಅದು ‘ನಾನು–ಅವನು’ ಜಗಳವಾಗಿಯೇ ಉಳಿಯುತ್ತೆ. ಸ್ವಲ್ಪ ಹೊರಗೆ ಬರೋಣ. ವಿಮಾನದ ಕಾಕ್‌ಪಿಟ್, ಆಪರೇಷನ್ ಥಿಯೇಟರ್, ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿ – ಈ ಮೂರು ಕಡೆ ಈ ಪ್ರಶ್ನೆಗೆ ಏನು ಉತ್ತರ ಸಿಕ್ಕಿದೆ ನೋಡೋಣ.

ಈ ಪದ ಬಂದಿದ್ದು ಸೈನ್ಯದಿಂದ

‘ಸಾಫ್ಟ್ ಸ್ಕಿಲ್’ ಅನ್ನೋದು ಎಚ್‌ಆರ್ ಇಲಾಖೆಯವರು ಹುಟ್ಟಿಸಿದ ಪದ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ಅದನ್ನು ಬಳಕೆಗೆ ತಂದಿದ್ದು ಅಮೆರಿಕದ ಸೈನ್ಯ. 1960ರ ದಶಕದ ಕೊನೆಗೆ ಅವರು ತಮ್ಮ ತರಬೇತಿಯನ್ನು ಹೊಸದಾಗಿ ಯೋಜಿಸುತ್ತಿದ್ದರು. ಟ್ಯಾಂಕ್ ಓಡಿಸೋದು, ಬಂದೂಕು ಬಿಚ್ಚಿ ಜೋಡಿಸೋದು, ಟ್ರಕ್ ರಿಪೇರಿ ಇವೆಲ್ಲ ಯಂತ್ರದ ಜೊತೆಗಿನ ಕೆಲಸ, ಹಂತ ಹಂತವಾಗಿ ಬರೆದಿಡಬಹುದು. ಆದರೆ ಒಂದು ತುಕಡಿಯನ್ನು ಮುನ್ನಡೆಸೋದು, ಜನರನ್ನು ನಿಭಾಯಿಸೋದು, ವರದಿ ಮಾಡೋದು? ಇವುಗಳಿಗೆ ಕೈಪಿಡಿ ಬರೆಯೋದು ಹೇಗೆ? ಈ ಎರಡನೇ ಗುಂಪಿಗೆ ಅವರು ಇಟ್ಟ ಹೆಸರೇ ಸಾಫ್ಟ್ ಸ್ಕಿಲ್. 1972ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಫೋರ್ಟ್ ಬ್ಲಿಸ್‌ನಲ್ಲಿ ಇದಕ್ಕೆಂದೇ ಒಂದು ಸಮ್ಮೇಳನವೂ ನಡೆಯಿತು.

ಆ ಸಮ್ಮೇಳನದಲ್ಲಿ ಬಂದ ಒಂದು ಅಭಿಪ್ರಾಯ ಇವತ್ತಿಗೂ ಯೋಚಿಸುವಂಥದ್ದು. ಯಾವ ಕೆಲಸದ ಬಗ್ಗೆ ನಮಗೆ ಚೆನ್ನಾಗಿ ತಿಳಿದಿದೆಯೋ ಅದನ್ನು ‘ಹಾರ್ಡ್’ ಅನ್ನುತ್ತಿದ್ದೇವೆ, ಯಾವುದರ ಬಗ್ಗೆ ಹೆಚ್ಚು ತಿಳಿದಿಲ್ಲವೋ ಅದನ್ನು ‘ಸಾಫ್ಟ್’ ಅನ್ನುತ್ತಿದ್ದೇವೆ ಅಷ್ಟೇ ಅನ್ನೋದು ಅದರ ಸಾರ. ಅಂದರೆ ಸಾಫ್ಟ್ ಅಂದರೆ ಸುಲಭ ಅಂತಲ್ಲ, ಮೆತ್ತಗೆ ಮಾತಾಡೋದು ಅಂತಲೂ ಅಲ್ಲ. ಅಳೆಯೋಕೆ, ಕಲಿಸೋಕೆ ಕಷ್ಟವಾದದ್ದು ಅಂತ.

ಅಳೆಯೋಕೆ ಕಷ್ಟ ಅನ್ನೋ ಕಾರಣಕ್ಕೇ ಅದರ ಬೆಲೆ ಬಹಳ ಸಲ ಗೊತ್ತಾಗೋದು ಅನಾಹುತ ಆದಮೇಲೆ.

ಮೂರು ಸಲ ಹೇಳಿದ ಮಾತು

2010ರ ಮೇ 22 ಕರಾವಳಿಯವರು ಮರೆಯದ ದಿನ. ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರರ ಹೊತ್ತಿಗೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಬದುಕುಳಿದವರು 8 ಜನ.

ವಿಮಾನದಲ್ಲಿ ದೋಷ ಇತ್ತಾ? ತನಿಖಾ ಸಮಿತಿಯ ವರದಿ ಬೊಟ್ಟು ಮಾಡಿದ್ದು ಬೇರೆ ಕಡೆಗೆ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಹೆಚ್ಚಿನ ಹಾರಾಟದ ಅನುಭವ ಇತ್ತು. ಆದರೆ ಪ್ರಯಾಣದ ಬಹುಪಾಲು ಹೊತ್ತು ಅವರು ನಿದ್ದೆಯಲ್ಲಿದ್ದರು ಅಂತ ಕಾಕ್‌ಪಿಟ್ ಧ್ವನಿಮುದ್ರಣದಿಂದ ಗೊತ್ತಾಯಿತು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ವೇಗ ಜಾಸ್ತಿ ಇತ್ತು. ಇಂಥ ಹೊತ್ತಿನಲ್ಲಿ ಇಳಿಯೋದನ್ನು ಕೈಬಿಟ್ಟು ಮೇಲೇರಿ ಒಂದು ಸುತ್ತು ಹಾಕಿ ಬರಬೇಕು. ಅದಕ್ಕೆ ‘ಗೋ ಅರೌಂಡ್’ ಅನ್ನುತ್ತಾರೆ. ಪಕ್ಕದಲ್ಲಿದ್ದ ಸಹ ಪೈಲಟ್‌ಗೆ ಇದು ಗೊತ್ತಿತ್ತು. ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಕೆ ಕೊಡುತ್ತಲೇ ಇತ್ತು. ಕ್ಯಾಪ್ಟನ್ ಮುಂದುವರಿದರು. ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಕಾಕ್‌ಪಿಟ್‌ನಲ್ಲಿ ಸರಿಯಾದ ಉತ್ತರ ಇತ್ತು. ಅದನ್ನು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಆದರೂ ಅದು ಕೆಲಸಕ್ಕೆ ಬರಲಿಲ್ಲ. ಸಹ ಪೈಲಟ್ ಕಂಟ್ರೋಲನ್ನು ತಮ್ಮ ಕೈಗೆ ಯಾಕೆ ತೆಗೆದುಕೊಳ್ಳಲಿಲ್ಲ? ಹಾಗೆ ಮಾಡುವ ಅಧಿಕಾರ ಸಹ ಪೈಲಟ್‌ಗೆ ಇದೆಯೋ ಇಲ್ಲವೋ ಅನ್ನೋ ವಿಷಯದಲ್ಲಿ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ, ಬಹುಶಃ ಅದೇ ಕಾರಣ ಅಂತ ವರದಿ ಹೇಳಿತು. ಅಂದರೆ ಇದು ಒಬ್ಬ ಕಿರಿಯನ ಧೈರ್ಯದ ಪ್ರಶ್ನೆ ಮಾತ್ರ ಅಲ್ಲ. ಹಿರಿಯನ ಕಿವಿಯ ಪ್ರಶ್ನೆ, ಸಂಸ್ಥೆಯ ನಿಯಮದ ಪ್ರಶ್ನೆ.

‘ಸಾಹೇಬ್ರಿಗೆ ಎದುರು ಹೇಳೋದು ಹೇಗೆ’ ಅಂತ ಮೀಟಿಂಗಿನಲ್ಲಿ ಸುಮ್ಮನೆ ಕೂತ ಪ್ರತಿಯೊಬ್ಬರಿಗೂ ಈ ಪ್ರಶ್ನೆ ತಾಗುತ್ತೆ. ನಮ್ಮಲ್ಲಿ ಬಹುಪಾಲು ಜನರ ಕೆಲಸದಲ್ಲಿ ಪ್ರಾಣ ಹೋಗಲ್ಲ, ನಿಜ. ಹೋಗೋದು ದುಡ್ಡು, ಪ್ರಾಜೆಕ್ಟು, ಇಲ್ಲವೇ ನಾಲ್ಕು ಜನರ ನಿದ್ದೆ. ನಡೆಯೋ ರೀತಿ ಮಾತ್ರ ಒಂದೇ.

ಪೈಲಟ್‌ಗಳಿಗೆ ಮಾತು ಕಲಿಸಿದ ಕಥೆ

ವಿಮಾನ ಕ್ಷೇತ್ರ ಈ ಪಾಠವನ್ನು ಬಹಳ ಹಿಂದೆಯೇ ಕಲಿಯಲು ಶುರು ಮಾಡಿತ್ತು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಒಂದು ವಿಮಾನ ಬಿತ್ತು. ಚಕ್ರ ಸರಿಯಾಗಿ ಇಳಿದಿದೆಯಾ ಇಲ್ಲವಾ ಅನ್ನೋ ಅನುಮಾನದಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹಾಕಿದರು. ಇಂಧನ ಕಡಿಮೆಯಾಗುತ್ತಿದೆ ಅಂತ ಜೊತೆಯವರಿಗೆ ಗೊತ್ತಿತ್ತು. ಸೂಚ್ಯವಾಗಿ ಹೇಳಿದರು. ಗಟ್ಟಿಯಾಗಿ, ‘ಈಗಲೇ ಇಳಿಸಿ’ ಅಂತ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 10 ಜನ ಸತ್ತರು.

ಮರುವರ್ಷ, 1979ರಲ್ಲಿ, ನಾಸಾ ಒಂದು ಕಾರ್ಯಾಗಾರ ಮಾಡಿತು. ಅಪಘಾತಗಳನ್ನು ಕೆದಕಿ ನೋಡಿದರೆ ಹಾರಿಸೋಕೆ ಬಾರದ್ದಕ್ಕಿಂತ ಹೆಚ್ಚಾಗಿ ಕಂಡದ್ದು ಮಾತುಕತೆ, ನಾಯಕತ್ವ, ನಿರ್ಧಾರಗಳಲ್ಲಿನ ಎಡವಟ್ಟು. ಅಲ್ಲಿಂದ ಹುಟ್ಟಿದ್ದು ಸಿಆರ್‌ಎಂ ಅನ್ನೋ ತರಬೇತಿ. 1981ರಲ್ಲಿ ಯುನೈಟೆಡ್ ಏರ್‌ಲೈನ್ಸೇ ಅದನ್ನು ಮೊದಲು ಶುರು ಮಾಡಿತು. ಈಗ ಜಗತ್ತಿನ ಎಲ್ಲ ಕಡೆ ಪೈಲಟ್‌ಗಳು ಅದನ್ನು ಕಲಿಯುತ್ತಾರೆ. ಕ್ಯಾಪ್ಟನ್ ಹೇಗೆ ಕೇಳಬೇಕು, ಕಿರಿಯರು ಹೇಗೆ ಹೇಳಬೇಕು ಅನ್ನೋದೂ ಅದರಲ್ಲಿ ಸಿಲಬಸ್ಸೇ.

ಅದರ ಫಲ ಕಂಡದ್ದು 1989ರ ಜುಲೈ 19ರಂದು. ಯುನೈಟೆಡ್‌ನದೇ ಇನ್ನೊಂದು ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಒಡೆಯಿತು. ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋಯಿತು. ಅಂದರೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ ಅನ್ನೋ ಸ್ಥಿತಿ. ಕ್ಯಾಪ್ಟನ್ ಆಲ್ ಹೇನ್ಸ್ ಎಲ್ಲವನ್ನೂ ನಾನೇ ಮಾಡ್ತೀನಿ ಅನ್ನಲಿಲ್ಲ. ಪ್ರಯಾಣಿಕರಾಗಿ ಬಂದಿದ್ದ, ಅದೇ ಮಾದರಿಯ ವಿಮಾನದ ತರಬೇತುದಾರ ಡೆನ್ನಿಸ್ ಫಿಚ್ ಅವರನ್ನು ಒಳಗೆ ಕರೆಸಿಕೊಂಡರು. ಫಿಚ್ ಉಳಿದ ಎರಡು ಎಂಜಿನ್‌ಗಳ ಥ್ರಾಟಲ್ ಹಿಡಿದರು, ಉಳಿದವರು ತಮ್ಮ ತಮ್ಮ ಕೆಲಸ ಹಂಚಿಕೊಂಡರು. ಸೂ ಸಿಟಿಯ ರನ್‌ವೇವರೆಗೆ ವಿಮಾನವನ್ನು ತಂದರು. 296 ಜನರಲ್ಲಿ 112 ಜನ ತೀರಿಕೊಂಡರು, ಆದರೆ 184 ಜನ ಬದುಕಿದರು. ಹೇನ್ಸ್ ಆಮೇಲೆ ಮಾಡಿದ ಭಾಷಣಗಳಲ್ಲಿ ಆ ತರಬೇತಿಗೂ ದೊಡ್ಡ ಪಾಲು ಕೊಟ್ಟರು.

ಗಮನಿಸಿ: ಬರೀ ಒಳ್ಳೆಯ ಮಾತಿನಿಂದ ಆ ವಿಮಾನ ಇಳಿಯಲಿಲ್ಲ. ಥ್ರಾಟಲ್ ಹಿಡಿದ ಫಿಚ್ ಆ ವಿಮಾನವನ್ನು ಅರೆದು ಕುಡಿದವರು. ಆದರೆ ಅವರನ್ನು ಒಳಗೆ ಕರೆದು, ಜಾಗ ಕೊಟ್ಟು, ನಂಬುವ ಕ್ಯಾಪ್ಟನ್ ಇಲ್ಲದಿದ್ದರೆ ಅವರ ವಿದ್ಯೆ ಪ್ರಯಾಣಿಕರ ಸೀಟಿನಲ್ಲೇ ಕೂತಿರುತ್ತಿತ್ತು.

ಹೆಸರು ಹೇಳಿದರೆ ಏನಾಗುತ್ತೆ?

ವಿಮಾನದಿಂದ ಈ ಪಾಠ ಆಸ್ಪತ್ರೆಗೂ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರ್‌ಗೆಂದು 19 ಅಂಶಗಳ ಒಂದು ಚೆಕ್‌ಲಿಸ್ಟ್ ಮಾಡಿಸಿತು. ರೋಗಿ ಯಾರು, ಯಾವ ಭಾಗಕ್ಕೆ ಆಪರೇಷನ್, ಆ್ಯಂಟಿಬಯಾಟಿಕ್ ಕೊಟ್ಟಿದ್ದಾರಾ ಅಂತೆಲ್ಲ ಕೇಳುವ ಪಟ್ಟಿ. ಅದರಲ್ಲಿ ಒಂದು ಅಂಶ ವಿಚಿತ್ರ ಅನ್ನಿಸಬಹುದು. ಚರ್ಮಕ್ಕೆ ಕತ್ತರಿ ಇಡುವ ಮುಂಚೆ ಅಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ದೊಡ್ಡ ಸರ್ಜನ್ನೂ ಹೇಳಬೇಕು, ಹೊಸದಾಗಿ ಸೇರಿದ ನರ್ಸೂ ಹೇಳಬೇಕು.

ದೆಹಲಿಯೂ ಸೇರಿದಂತೆ 8 ನಗರಗಳ 8 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. 2009ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದಿದ್ದವು. ಇಡೀ ಪಟ್ಟಿಯ ಫಲ ಅದು, ಹೆಸರು ಹೇಳಿದ್ದಕ್ಕೆ ಮಾತ್ರ ಅಲ್ಲ. ಆದರೆ ಹೆಸರು ಹೇಳಿಸೋದನ್ನು ಸುಮ್ಮನೆ ಸೇರಿಸಿಲ್ಲ. ಒಮ್ಮೆ ಬಾಯಿ ಬಿಟ್ಟವರು ಮತ್ತೆ ಬಾಯಿ ಬಿಡೋದು ಸುಲಭ. ‘ಡಾಕ್ಟ್ರೇ, ಎಡಗಾಲಲ್ಲ, ಬಲಗಾಲು’ ಅನ್ನಬೇಕಾದ ಹೊತ್ತಿನಲ್ಲಿ ಆ ಮೊದಲ ಮಾತು ದಾರಿ ಮಾಡಿಕೊಡುತ್ತೆ.

ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್‌ಗಳಿಗೂ ಇದು ಹೊಂದುತ್ತೆ. ಲೀಡ್ ಒಬ್ಬರೇ ಇಪ್ಪತ್ತು ನಿಮಿಷ ಮಾತಾಡಿ, ಕೊನೆಗೆ ‘ಎನಿ ಕ್ವೆಶ್ಚನ್ಸ್?’ ಅಂದರೆ ಯಾರೂ ಕೇಳಲ್ಲ. ಮೊದಲ ಎರಡು ನಿಮಿಷದಲ್ಲೇ ಹೊಸಬರ ಬಾಯಿಂದ ಒಂದು ವಾಕ್ಯ ಬಂದರೆ ಆ ಮೀಟಿಂಗಿನ ದಿಕ್ಕೇ ಬೇರೆ.

ಬೆಂಗಳೂರಿನ ಗಾರ್ಮೆಂಟ್ಸ್ ಕೊಟ್ಟ ಲೆಕ್ಕ

ಇಷ್ಟು ಹೊತ್ತು ಪೈಲಟ್ಟು, ಡಾಕ್ಟರು ಅಂತ ದೊಡ್ಡವರ ಕಥೆ ಆಯಿತು. ಈಗ ನಮ್ಮೂರಿಗೇ ಬರೋಣ.

ಬೆಳಗಾದರೆ ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಟಿಫನ್ ಬಾಕ್ಸ್ ಹಿಡಿದು ಬೇಗ ಬೇಗ ಹೋಗುವ ಹೆಣ್ಣುಮಕ್ಕಳನ್ನು ನೋಡಿರುತ್ತೀರಿ. ಗಾರ್ಮೆಂಟ್ಸ್‌ಗೆ ಹೋಗುವವರು. ಇಡೀ ದಿನ ಮೆಷಿನ್ ಮುಂದೆ ಕೂತು ಕಾಲರ್ ಹೊಲಿಯೋದು, ತೋಳು ಕೂಡಿಸೋದು. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಇದಕ್ಕಿಂತ ‘ಟೆಕ್ನಿಕಲ್’ ಕೆಲಸ, ಇದಕ್ಕಿಂತ ಮಾತು ಬೇಡದ ಕೆಲಸ ಇನ್ನೊಂದಿಲ್ಲ ಅಂತ ಅನ್ನಿಸುತ್ತೆ ಅಲ್ವಾ?

ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷದಂ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆಗೆ ಹಚ್ಚಿದರು. ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಬೆಂಗಳೂರಿನ 5 ಫ್ಯಾಕ್ಟರಿಗಳಲ್ಲಿ ಮಹಿಳೆಯರಿಗೆ ಒಂದು ತರಬೇತಿ ಕೊಡಿಸಲಾಯಿತು. ಅದು ಹೊಲಿಗೆ ತರಬೇತಿ ಅಲ್ಲ. ಮಾತಾಡೋದು ಹೇಗೆ, ಸಮಯ ಹೊಂದಿಸೋದು ಹೇಗೆ, ಒತ್ತಡ ನಿಭಾಯಿಸೋದು ಹೇಗೆ, ತೊಂದರೆ ಬಂದಾಗ ನಿರ್ಧಾರ ಮಾಡೋದು ಹೇಗೆ, ದುಡ್ಡಿನ ಲೆಕ್ಕ ಇಡೋದು ಹೇಗೆ ಅನ್ನೋದು. ಸೇರಬೇಕು ಅಂತ ಹೆಸರು ಕೊಟ್ಟವರಲ್ಲಿ ಯಾರಿಗೆ ಮೊದಲು ಅವಕಾಶ ಅಂತ ಲಾಟರಿ ಎತ್ತಿದರು. ಹಾಗಾಗಿ ತರಬೇತಿ ಸಿಕ್ಕವರನ್ನೂ ಸಿಗದವರನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸೋಕೆ ಆಯಿತು.

ಫಲಿತಾಂಶ ಏನು ಗೊತ್ತಾ? ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ನೂರಕ್ಕೆ 13.5ರಷ್ಟು ಹೆಚ್ಚಾಯಿತು. ಹೊಲಿಗೆಯ ಒಂದು ಪಾಠವನ್ನೂ ಹೇಳಿಕೊಡದೆ! ಅವರಲ್ಲಿ ಕಷ್ಟದ ಆಪರೇಷನ್‌ಗಳಿಗೆ ಹೋದವರು ಜಾಸ್ತಿ. ಹೊಸ ಹೊಲಿಗೆ ಕೆಲಸ ಕಲಿಯಬೇಕು ಅಂತ ತಾವಾಗಿಯೇ ಮುಂದೆ ಬಂದವರು ಜಾಸ್ತಿ. ಅವರ ಲೈನಿನಲ್ಲಿದ್ದ, ತರಬೇತಿ ಪಡೆಯದ ಗೆಳತಿಯರ ಕೆಲಸದಲ್ಲೂ ಸುಧಾರಣೆ ಕಂಡಿತು.

ಯಾಕೆ ಹೀಗೆ? ಲೈನ್ ಅಂದರೆ ಸರಪಳಿ. ಹಿಂದಿನ ಮೆಷಿನ್‌ನಿಂದ ತಪ್ಪು ಪೀಸು ಬಂದರೆ ಸುಮ್ಮನೆ ಹೊಲಿದು ಮುಂದೆ ತಳ್ಳಬಹುದು, ಇಲ್ಲವೇ ‘ಅಕ್ಕಾ, ಇದು ಸರಿ ಬಂದಿಲ್ಲ ನೋಡಿ’ ಅನ್ನಬಹುದು. ದಾರ ತುಂಡಾಗುತ್ತಲೇ ಇದ್ದರೆ ಟಾರ್ಗೆಟ್ ತಪ್ಪಿ ಬೈಸಿಕೊಳ್ಳುವವರೆಗೆ ಕಾಯಬಹುದು, ಇಲ್ಲವೇ ಸೂಪರ್‌ವೈಸರ್‌ನ ಕೂಗಿ ಮೆಕ್ಯಾನಿಕ್‌ನ ಕರೆಸಬಹುದು. ಕೈಯ ವೇಗ ಅಷ್ಟೇ ಇದ್ದರೂ ಸಂಜೆಯ ಪೀಸಿನ ಲೆಕ್ಕ ಬೇರೆ ಆಗುತ್ತೆ.

ಆದರೆ ಕಥೆ ಇಲ್ಲಿಗೆ ಮುಗಿಯಲ್ಲ. ಈ ಅಧ್ಯಯನದ ಇನ್ನೊಂದು ಅಂಕಿ ಇದೆ. ಅದನ್ನು ಸಾಫ್ಟ್ ಸ್ಕಿಲ್ ಕೋರ್ಸ್ ಮಾರುವವರು ಹೇಳಲ್ಲ. ಉತ್ಪಾದಕತೆ ನೂರಕ್ಕೆ 13.5 ಏರಿದರೂ ಆ ಮಹಿಳೆಯರ ಸಂಬಳ ಏರಿದ್ದು ನೂರಕ್ಕೆ ಬರೀ 0.5ರಷ್ಟು. ತರಬೇತಿಗೆ ಕಂಪನಿ ಹಾಕಿದ ಹಣಕ್ಕೆ, ತರಬೇತಿ ಮುಗಿದ 8 ತಿಂಗಳಲ್ಲಿ, ಬಂದ ನಿವ್ವಳ ಲಾಭ ಮಾತ್ರ ನೂರಕ್ಕೆ 250ಕ್ಕೂ ಹೆಚ್ಚು.

ಅಂದರೆ ಮಾತು ಕಲಿತದ್ದು ಅವರು, ಮೊಸರು ತಿಂದದ್ದು ಹೆಚ್ಚಾಗಿ ಕಂಪನಿ. ಸಾಫ್ಟ್ ಸ್ಕಿಲ್‌ಗೆ ಬೆಲೆ ಇದೆಯಾ ಅಂತ ಕೇಳೋದರ ಜೊತೆಗೆ ಆ ಬೆಲೆ ಯಾರ ಜೇಬಿಗೆ ಹೋಗುತ್ತೆ ಅಂತಲೂ ಕೇಳಬೇಕು. ಒಂದು ಲೈನಿನಲ್ಲಿ ಚೆನ್ನಾಗಿ ಹೊಂದಿಕೊಂಡು ದುಡಿಯುವ ಗುಣ ಇನ್ನೊಂದು ಫ್ಯಾಕ್ಟರಿಯ ಗೇಟಿನಲ್ಲಿ ಕಾಣಲ್ಲ. ಅಲ್ಲಿ ಕೇಳೋದು ‘ಯಾವ ಆಪರೇಷನ್ ಬರುತ್ತೆ?’ ಅಂತ. ಸರ್ಟಿಫಿಕೇಟಿಗೆ ಸಿಗುವ ಚೌಕಾಸಿಯ ಬಲ ಒಳ್ಳೆಯತನಕ್ಕೆ ಸಿಗಲ್ಲ. ಐಟಿಯಲ್ಲಿರುವವರೂ ಇದನ್ನು ನೆನಪಿಡಬೇಕು.

ಸಾಫ್ಟ್ ಸ್ಕಿಲ್ ಅಂದರೆ ಇಂಗ್ಲಿಷ್ ಅಲ್ಲ

ನಮ್ಮ ಕಾಲೇಜುಗಳಲ್ಲಿ ಒಂದು ದೊಡ್ಡ ಗೊಂದಲ ಇದೆ. ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ‘ಸಾಫ್ಟ್ ಸ್ಕಿಲ್ ಟ್ರೇನಿಂಗ್’ ಅಂತ ಒಬ್ಬರನ್ನು ಕರೆಸುತ್ತಾರೆ. ಟೈ ಕಟ್ಟೋದು, ಕೈ ಕುಲುಕೋದು, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಬಾಯಿಪಾಠ ಮಾಡಿದ ಉತ್ತರ ಹೇಳೋದು, ಅಲ್ಲಿಗೆ ಮುಗೀತು. ಹಾಸನ, ಕಲಬುರಗಿ, ಶಿರಸಿ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಅಲ್ಲೇ ಕುಗ್ಗಿ ಹೋಗುತ್ತಾರೆ. ‘ನನಗೆ ಸಾಫ್ಟ್ ಸ್ಕಿಲ್ ಇಲ್ಲ’ ಅಂತ ತಮಗೆ ತಾವೇ ಹಣೆಪಟ್ಟಿ ಹಚ್ಚಿಕೊಳ್ಳುತ್ತಾರೆ.

ಇಂಗ್ಲಿಷ್ ಒಂದು ಭಾಷೆ. ಕೆಲಸಕ್ಕೆ ಬೇಕು, ಕಲಿಯಲೇಬೇಕು, ಆ ಮಾತು ಬೇರೆ. ಆದರೆ ಊರಲ್ಲಿ ಗಣೇಶನ ಹಬ್ಬಕ್ಕೆ ಮನೆ ಮನೆ ತಿರುಗಿ ಚಂದಾ ಎತ್ತಿದವನಿಗೆ, ಸಿಟ್ಟಾದ ದೊಡ್ಡಪ್ಪನನ್ನೂ ಮುನಿಸಿಕೊಂಡ ಅತ್ತೆಯನ್ನೂ ಒಂದೇ ಮದುವೆ ಪಂಕ್ತಿಯಲ್ಲಿ ಕೂರಿಸಿದವಳಿಗೆ ಜನರನ್ನು ನಿಭಾಯಿಸೋದು ಬರಲ್ಲ ಅಂದರೆ ಯಾರು ನಂಬುತ್ತಾರೆ? ಯಾರಿಗೆ ಯಾವಾಗ ಏನು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋ ಅಂದಾಜು ಅವರಿಗೆ ಬಂದಿದೆ. ಅದನ್ನು ಆಫೀಸಿಗೆ ತರೋದಷ್ಟೇ ಬಾಕಿ.

ಹಾಗೇ ಉಲ್ಟಾ ಕೂಡ ನಿಜ. ಪಟಪಟ ಇಂಗ್ಲಿಷ್ ಮಾತಾಡುತ್ತಾ, ಇನ್ನೊಬ್ಬರ ಮಾತಿಗೆ ಅಡ್ಡ ಬರುತ್ತಾ, ಪಕ್ಕದವರ ಕೆಲಸವನ್ನು ತನ್ನದು ಅಂತ ಹೇಳುವವರಿಗೆ ಇಂಗ್ಲಿಷ್ ಇದೆ, ಸಾಫ್ಟ್ ಸ್ಕಿಲ್ ಇಲ್ಲ.

ಹಾಗಂತ ಮಾತೇ ಎಲ್ಲ ಅಲ್ಲ

ಗೂಗಲ್ ಕಂಪನಿ ‘ಪ್ರಾಜೆಕ್ಟ್ ಆಕ್ಸಿಜನ್’ ಅಂತ ಒಂದು ಅಧ್ಯಯನ ಮಾಡಿ, ಒಳ್ಳೆಯ ಮ್ಯಾನೇಜರ್‌ಗೆ ಇರಬೇಕಾದ 8 ಗುಣಗಳನ್ನು ಪಟ್ಟಿ ಮಾಡಿತ್ತು. ತಾಂತ್ರಿಕ ಜ್ಞಾನ ಅದರಲ್ಲಿ ಎಂಟನೆಯದು. ‘ನೋಡಿ, ಗೂಗಲ್ಲೇ ಹೇಳಿದೆ, ಟೆಕ್ನಿಕಲ್ ಕೊನೆಗೆ!’ ಅಂತ ಎಷ್ಟೋ ಭಾಷಣಗಳಲ್ಲಿ ಇದನ್ನು ಬಳಸುತ್ತಾರೆ. ಆದರೆ ಎರಡು ವಿಷಯ ಬಿಟ್ಟುಬಿಡುತ್ತಾರೆ. ಒಂದು, ಅದು ಮ್ಯಾನೇಜರ್‌ಗಳ ಬಗ್ಗೆ ಮಾಡಿದ ಪಟ್ಟಿ, ಎಲ್ಲ ಉದ್ಯೋಗಿಗಳ ಬಗ್ಗೆ ಅಲ್ಲ. ಎರಡು, ಅಲ್ಲಿನ ಗೇಟು ದಾಟಿ ಒಳಗೆ ಹೋಗಬೇಕಾದರೇ ಕಠಿಣ ತಾಂತ್ರಿಕ ಪರೀಕ್ಷೆ ಪಾಸಾಗಬೇಕು. ಎಲ್ಲರಿಗೂ ಈಜು ಬರುವ ಜಾಗದಲ್ಲಿ ಈಜು ಬರೋದು ದೊಡ್ಡ ವಿಷಯ ಅಲ್ಲ. ಹಾಗಂತ ಈಜು ಬಾರದವರು ಅಲ್ಲಿ ನೀರಿಗಿಳಿಯೋಕೆ ಆಗುತ್ತಾ?

ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೂ ಬಿಡಿಸಿ ಹೇಳುತ್ತೆ. 1980ರಿಂದ 2012ರವರೆಗೆ ಅಮೆರಿಕದಲ್ಲಿ, ಜನರೊಂದಿಗೆ ಹೆಚ್ಚು ವ್ಯವಹರಿಸಬೇಕಾದ ಉದ್ಯೋಗಗಳ ಪಾಲು ಸುಮಾರು 12 ಶೇಕಡಾ ಅಂಶದಷ್ಟು ಹೆಚ್ಚಿತು. ಗಣಿತ ಬಹಳ ಬೇಕು ಆದರೆ ಜನರ ಒಡನಾಟ ಅಷ್ಟಾಗಿ ಬೇಡ ಅನ್ನುವ ಉದ್ಯೋಗಗಳ ಪಾಲು ಕಡಿಮೆಯಾಯಿತು. ಕೆಲಸ ಮತ್ತು ಸಂಬಳ ಚೆನ್ನಾಗಿ ಬೆಳೆದದ್ದು ಎರಡೂ ಬೇಕಾದ ಉದ್ಯೋಗಗಳಲ್ಲಿ. ಯಂತ್ರ ಒಂದೇ ಬಗೆಯ ಕೆಲಸವನ್ನು ನುಂಗುತ್ತಾ ಬಂದಂತೆ, ‘ಇದನ್ನು ನೀನು ಮಾಡು, ಅದನ್ನು ನಾನು ಮಾಡ್ತೀನಿ’ ಅಂತ ಹಂಚಿಕೊಂಡು ದುಡಿಯೋದು ಮನುಷ್ಯರ ಕೈಯಲ್ಲಿ ಉಳಿಯಿತು ಅನ್ನೋದು ಅವರ ವಿವರಣೆ. ಎಐ ಕೋಡ್ ಬರೆಯುತ್ತಿರುವ ಈ ದಿನಗಳಲ್ಲಿ, ಕ್ಲೈಂಟ್‌ಗೆ ನಿಜವಾಗಿ ಏನು ಬೇಕು ಅಂತ ಬಿಡಿಸಿಕೊಂಡು ಕೇಳಬಲ್ಲವರಿಗೂ, ಎಐ ಬರೆದ ಕೋಡ್ ತಪ್ಪು ಅಂತ ಕಂಡುಹಿಡಿಯುವಷ್ಟು ಆಳ ಇರುವವರಿಗೂ ಬೇಡಿಕೆ. ಒಬ್ಬರಲ್ಲೇ ಎರಡೂ ಇದ್ದರೆ ಇನ್ನೂ ಒಳ್ಳೆಯದು.

ನಾಳೆಯಿಂದಲೇ ಏನು ಮಾಡಬಹುದು?

*ಐದು ಮೆಟ್ಟಿಲಿನ ಮಾತು.* ಪೈಲಟ್‌ಗಳಿಗೆ ಕಲಿಸುವ ಒಂದು ಕ್ರಮ ಇದೆ. ಹೆಸರು ಹಿಡಿದು ಕರೆಯಿರಿ, ಆತಂಕ ಹೇಳಿ, ಸಮಸ್ಯೆ ಏನು ಅಂತ ಹೇಳಿ, ಪರಿಹಾರ ಸೂಚಿಸಿ, ಒಪ್ಪಿಗೆ ಕೇಳಿ. ‘ಸರ್, ಒಂದು ಸಣ್ಣ ಡೌಟು...’ ಅಂತ ಎಳೆಯುವ ಬದಲು: ‘ರವಿ ಸರ್, ಇವತ್ತಿನ ರಿಲೀಸ್ ಬಗ್ಗೆ ನನಗೆ ಚಿಂತೆ ಇದೆ. ಟೆಸ್ಟ್‌ನಲ್ಲಿ ಪೇಮೆಂಟ್ ಪೇಜ್ ಎರಡು ಸಲ ನಿಂತಿದೆ. ನಾಳೆ ಬೆಳಿಗ್ಗೆಗೆ ಮುಂದಕ್ಕೆ ಹಾಕೋಣ. ಏನಂತೀರಿ?’ ಮರ್ಯಾದೆಯೂ ಇದೆ, ಮಾತೂ ಗಟ್ಟಿ ಇದೆ. ಕೊನೆಯ ‘ಏನಂತೀರಿ’ ಬಹಳ ಮುಖ್ಯ, ಅದು ಎದುರಿನವರಿಂದ ಉತ್ತರ ಹೊರಡಿಸುತ್ತೆ.

*ಕೇಳಿದ್ದನ್ನು ತಿರುಗಿ ಹೇಳಿ.* ಕಂಟ್ರೋಲ್ ಟವರ್ ಹೇಳಿದ ಸೂಚನೆಯನ್ನು ಪೈಲಟ್ ವಾಪಸ್ ಹೇಳಲೇಬೇಕು, ಅದು ನಿಯಮ. ಮೀಟಿಂಗ್ ಮುಗಿದ ಮೇಲೆ ಮೂರು ಸಾಲಿನ ಮೆಸೇಜ್ ಹಾಕಿ: ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವಾಗ ಮುಗಿಸಬೇಕು. ‘ನಾನು ಹಾಗೆ ಹೇಳೇ ಇಲ್ವಲ್ಲ’ ಅನ್ನೋ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತೆ. ಮಾತಾಡೋಕೆ ಸಂಕೋಚ ಇರುವವರಿಗೆ ಇದು ವರ, ಯಾಕೆಂದರೆ ಇದು ಬರಹದ ಕೆಲಸ.

*ನಿಮ್ಮ ಕೆಲಸದ ಡೈರಿ ಇಡಿ.* ಪ್ರತಿ ಶುಕ್ರವಾರ ಐದು ನಿಮಿಷ. ಏನು ಕೆಟ್ಟಿತ್ತು, ನೀವೇನು ಮಾಡಿದಿರಿ, ಅದರಿಂದ ಯಾರಿಗೆ ಏನು ಉಳಿಯಿತು. ಅಪ್ರೈಸಲ್‌ನಲ್ಲಿ ‘ತುಂಬಾ ಕಷ್ಟಪಟ್ಟಿದ್ದೀನಿ ಸರ್’ ಅನ್ನೋದಕ್ಕಿಂತ ‘ಈ ರಿಪೋರ್ಟ್‌ಗೆ ಮೊದಲು ಎರಡು ದಿನ ಹಿಡೀತಿತ್ತು, ಈಗ ಒಂದು ಗಂಟೆ’ ಅನ್ನೋದಕ್ಕೆ ತೂಕ ಜಾಸ್ತಿ. ಜಂಬ ಅನ್ನಿಸಲ್ಲ, ಅದು ಲೆಕ್ಕ.

*ಕಾಣದ ಕೆಲಸಕ್ಕೂ ಹೆಸರು ಬರೆಸಿ.* ಹೊಸಬರಿಗೆ ಹೇಳಿಕೊಡೋದು, ಮೀಟಿಂಗ್ ನೋಟ್ಸ್, ಟೀಮ್ ಔಟಿಂಗ್, ಬೀಳ್ಕೊಡುಗೆಗೆ ಕೇಕ್ ತರೋದು. ಇವು ಯಾರ ಪಾಲಿಗೆ ಬರುತ್ತವೆ? ಅಮೆರಿಕದಲ್ಲಿ ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗಗಳಲ್ಲಿ, ಬಡ್ತಿಗೆ ಲೆಕ್ಕಕ್ಕೆ ಬಾರದ ಕೆಲಸಗಳಿಗೆ ಹೆಣ್ಣುಮಕ್ಕಳನ್ನೇ ಹೆಚ್ಚು ಕೇಳುತ್ತಾರೆ, ಅವರೇ ಹೆಚ್ಚು ಒಪ್ಪಿಕೊಳ್ಳುತ್ತಾರೆ ಅಂತ ಕಂಡಿತು. ‘ನಿಮಗೆ ಚೆನ್ನಾಗಿ ಬರುತ್ತೆ ಮೇಡಂ’ ಅನ್ನೋ ಹೊಗಳಿಕೆ ಎಷ್ಟೋ ಸಲ ಬಿಟ್ಟಿ ದುಡಿಮೆಯ ಆರ್ಡರ್. ‘ಈ ಸಲ ನಾನು ಮಾಡ್ತೀನಿ, ಮುಂದಿನ ಸಲ ಕಿರಣ್ ಮಾಡಲಿ’ ಅಂತ ನಗುತ್ತಲೇ ಹೇಳೋದೂ ಒಂದು ಸಾಫ್ಟ್ ಸ್ಕಿಲ್ಲೇ.

*ಮ್ಯಾನೇಜರ್ ಆಗಲೇಬೇಕಂತಿಲ್ಲ.* ಜನರ ಜೊತೆ ದಿನವಿಡೀ ಇರೋದು ನಿಮಗೆ ಹಿಂಸೆ ಅನ್ನಿಸಿದರೆ, ಎಷ್ಟೋ ಕಂಪನಿಗಳಲ್ಲಿ ಆರ್ಕಿಟೆಕ್ಟ್, ಪ್ರಿನ್ಸಿಪಲ್ ಎಂಜಿನಿಯರ್ ಅಂತ ಬೇರೆ ಏಣಿ ಇರುತ್ತೆ. ಎಚ್‌ಆರ್ ಹತ್ತಿರ ನೇರವಾಗಿ ಕೇಳಿ. ಆದರೆ ಆ ಏಣಿಯಲ್ಲೂ ನಿಮ್ಮ ವಿನ್ಯಾಸವನ್ನು ನಾಲ್ಕು ಜನರಿಗೆ ಅರ್ಥ ಮಾಡಿಸಬೇಕು. ಅಷ್ಟು ಮಾತು ಎಲ್ಲೂ ತಪ್ಪಲ್ಲ.

ಟೀಮ್ ಲೀಡ್‌ಗಳಿಗೆ ಒಂದು ಮಾತು

ಇದನ್ನು ಓದುತ್ತಿರುವವರಲ್ಲಿ ಈಗಷ್ಟೇ ನಾಲ್ಕೈದು ಜನರ ಲೀಡ್ ಆದವರೂ ಇರುತ್ತೀರಿ. ‘ನಮ್ಮ ಹುಡುಗರು ಬಾಯೇ ಬಿಡಲ್ಲ’ ಅಂತ ಬೇಸರ ನಿಮಗಿರಬಹುದು. ಹೋದ ತಿಂಗಳು ಬಾಯಿ ಬಿಟ್ಟ ಹುಡುಗನಿಗೆ ಏನಾಯಿತು ಅಂತ ಒಮ್ಮೆ ನೆನಪಿಸಿಕೊಳ್ಳಿ. ಎಲ್ಲರ ಮುಂದೆ ‘ಇಷ್ಟೂ ಗೊತ್ತಿಲ್ವಾ’ ಅಂದಿದ್ದರೆ, ಆ ಒಂದು ವಾಕ್ಯ ಇಡೀ ಟೀಮಿನ ಬಾಯಿಗೆ ಬೀಗ ಹಾಕಿರುತ್ತೆ. ಕೆಟ್ಟ ಸುದ್ದಿ ತಂದವರಿಗೆ ಮೊದಲು ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ಬೈಯೋದು, ಸರಿಮಾಡೋದು ಆಮೇಲೆ ಇದ್ದೇ ಇದೆ. ಮಾತಾಡದೆ ದುಡಿಯುವವರ ಕೆಲಸವನ್ನು ಹುಡುಕಿ ನೋಡೋದೂ ನಿಮ್ಮ ಡ್ಯೂಟಿ. ಪಿಪಿಟಿ ನೋಡಿ ಮಾರ್ಕ್ಸ್ ಕೊಡೋದು ಸುಲಭ, ಅದಕ್ಕೆ ಲೀಡ್ ಯಾಕೆ ಬೇಕು?

ಕೊನೆಗೆ ಉತ್ತರ ಏನು ಅಂತ ಕೇಳಿದರೆ: ಟೆಕ್ನಿಕಲ್ ಸ್ಕಿಲ್ ಇಲ್ಲದಿದ್ದರೆ ಹೇಳೋಕೆ ನಿಮ್ಮ ಹತ್ತಿರ ಏನೂ ಇರಲ್ಲ. ಸಾಫ್ಟ್ ಸ್ಕಿಲ್ ಇಲ್ಲದಿದ್ದರೆ ಇರೋದು ಯಾರಿಗೂ ತಲುಪಲ್ಲ. ಎರಡೂ ಇದ್ದು ಸಂಬಳ ಮಾತ್ರ ಅಲ್ಲೇ ನಿಂತಿದ್ದರೆ, ಅದನ್ನು ಗಟ್ಟಿಯಾಗಿ ಕೇಳೋದು ನೀವು ಬಳಸಬೇಕಾದ ಮುಂದಿನ ಸ್ಕಿಲ್.

ನಿಮ್ಮ ಆಫೀಸಿನಲ್ಲಿ, ಫ್ಯಾಕ್ಟರಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಸರಿಯಾದ ಹೊತ್ತಿಗೆ ಆಡಿದ ಒಂದು ಮಾತು ಏನನ್ನಾದರೂ ಉಳಿಸಿದೆಯಾ? ಅಥವಾ ಆಡದೇ ಉಳಿದ ಮಾತು ಏನನ್ನಾದರೂ ಕೆಡಿಸಿದೆಯಾ? ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆದು ಕಳಿಸಿ. ಕಂಪನಿಯ ಹೆಸರು ಬೇಡ. ನಿಮ್ಮ ಹೆಸರೂ ಬೇಡ ಅಂದರೆ ಹಾಕಲ್ಲ.